ಹಳೆ ಮೀಟರ್ ಹೋಯ್ತು, ಹೊಸದು ಬಂತು: ಅಂಗಡಿ ದರದಿಂದ ಮನೆ ದರಕ್ಕೆ ಹೋದವರು ಇದ್ದೀರಾ?

ಗಂಗಾವತಿಯಿಂದ ಕೇಳಿದ್ದು:
ಮನೆಯ ಮುಂದಿನ ಕೋಣೆಯಲ್ಲಿ ಅಪ್ಪ ಟೇಲರ್ ಅಂಗಡಿ ಇಟ್ಟಿದ್ದರು. ಮನೆಗೂ ಅಂಗಡಿಗೂ ಒಂದೇ ಮೀಟರ್, ಅದೂ ಕಮರ್ಷಿಯಲ್. ಅಂಗಡಿ ಮುಚ್ಚಿ ಬಹಳ ದಿನ ಆಯ್ತು. ಈಗ ಚಕ್ರ ತಿರುಗುವ ಹಳೆ ಮೀಟರ್ ತೆಗೆದು ಎಲೆಕ್ಟ್ರಾನಿಕ್ ಮೀಟರ್ ಹಾಕಿದ್ದಾರೆ. ಬಳಕೆ ಮೊದಲಿನಷ್ಟೇ, ಯೂನಿಟ್ ಮಾತ್ರ ಜಾಸ್ತಿ. ಗೃಹಜ್ಯೋತಿಯೂ ಇಲ್ಲ. ಏನು ಮಾಡಬೇಕು?

ಬಳ್ಳಾರಿಯಿಂದ:
ಮೀಟರ್ ಬದಲಾಯ್ತು ಅಂತ ದರ ತಾನಾಗಿ ಬದಲಾಗಲ್ಲ ರೀ. ಅದಕ್ಕೆ ಬೇರೆ ಅರ್ಜಿ ಕೊಡಬೇಕು. ಬಿಲ್ಲಿನಲ್ಲಿ ಟ್ಯಾರಿಫ್ ಅಂತ ಇರುವ ಕಡೆ ನೋಡಿ. ಎಲ್‌ಟಿ-3 ಅಂತಿದ್ದರೆ ಕಮರ್ಷಿಯಲ್. ಆ ಲೆಕ್ಕದಲ್ಲಿ ಇರುವವರೆಗೆ ಗೃಹಜ್ಯೋತಿ ಸಿಗಲ್ಲ, 200 ಯೂನಿಟ್ ಒಳಗಿದ್ದರೂ ಅಷ್ಟೇ.

ನಮ್ಮದೂ ಹೀಗೇ ಆಗಿತ್ತು, ಕೆಳಗೆ ಸ್ಟೇಷನರಿ ಅಂಗಡಿ. ಬಾಕಿ ಪೂರ್ತಿ ಕಟ್ಟಿ, ಕರೆಂಟ್ ಕಂಪನಿಯ ಸಬ್ ಡಿವಿಜನ್ ಆಫೀಸಿನಲ್ಲಿ ಅರ್ಜಿ ಕೊಟ್ಟೆವು. ಜೊತೆಗೆ ಆರ್‌ಆರ್ ನಂಬರ್ (ಕನೆಕ್ಷನ್ ನಂಬರ್) ಇರುವ ಬಿಲ್, ಆಸ್ತಿ ತೆರಿಗೆ ರಸೀದಿ, ಆಧಾರ್. ಆಮೇಲೆ ಜಾಗ ನೋಡಲು ಬಂದರು. ಶಟರ್ ಮೇಲಿನ ಬೋರ್ಡ್, ಒಳಗಿನ ಕೌಂಟರ್ ಅಷ್ಟರೊಳಗೆ ತೆಗೆದಿಟ್ಟಿದ್ದೆವು. ಬೋರ್ಡ್ ನೇತಾಡುತ್ತಿದ್ದರೆ ಅಂಗಡಿ ಮುಚ್ಚಿದೆ ಅಂದರೆ ಯಾರು ನಂಬ್ತಾರೆ? ಕನೆಕ್ಷನ್ ತಾತನ ಹೆಸರಲ್ಲೇ ಇದ್ದರೆ ಹೆಸರು ಬದಲಾವಣೆಯನ್ನೂ ಇದರ ಜೊತೆಗೇ ಮುಗಿಸಿಕೊಳ್ಳಿ. ಹಳೆ ಬಿಲ್‌ಗಳ ವ್ಯತ್ಯಾಸದ ಹಣ ನಮಗೇನೂ ವಾಪಸ್ ಬರಲಿಲ್ಲ, ಮುಂದಿನ ಬಿಲ್‌ನಿಂದ ಹೊಸ ದರ ಹಿಡಿದರು. ಹಾಗಾಗಿ ತಡ ಮಾಡಿದಷ್ಟೂ ನಿಮಗೇ ನಷ್ಟ.

ಕೊಪ್ಪಳದಿಂದ:
ಹಳೆ ಮೀಟರ್‌ನ ಕೊನೆ ರೀಡಿಂಗ್, ಹೊಸದರ ಮೊದಲ ರೀಡಿಂಗ್ ಎರಡೂ ಬರೆದ ಚೀಟಿ ಇದೆಯಾ? ಮೊದಲು ಅದರ ಫೋಟೋ ತೆಗೆದಿಡಿ.

ರಾಯಚೂರಿನಿಂದ, ವೈರಿಂಗ್ ಕೆಲಸ ಮಾಡುವವನು:
ದರದ ಮಾತು ಸರಿ. ಆದರೆ ಯೂನಿಟ್ ಯಾಕೆ ಜಾಸ್ತಿ ಅಂತಲೂ ನೋಡಬೇಕು ಅಲ್ವಾ? ಹಳೆ ಚಕ್ರದ ಮೀಟರ್ ಸವೆದು ನಿಧಾನ ಆಗಿರುತ್ತದೆ. ಟಿವಿ, ಚಾರ್ಜರ್‌ನಂಥ ಸಣ್ಣ ಲೋಡ್‌ಗೆ ಚಕ್ರ ಕದಲುವುದೇ ಕಷ್ಟ. ಹೊಸದು ಅದನ್ನೂ ಬಿಡಲ್ಲ.

ಇನ್ನೊಂದು ವಿಷಯ ತುಂಬಾ ಜನಕ್ಕೆ ಗೊತ್ತಿಲ್ಲ. ಈಗಿನ ಮೀಟರ್ ಫೇಸ್ (ಕರೆಂಟ್ ಬರುವ ವೈರ್) ಮತ್ತು ನ್ಯೂಟ್ರಲ್ (ವಾಪಸ್ ಹೋಗುವ ವೈರ್) ಎರಡರ ಕರೆಂಟನ್ನೂ ಅಳೆದು, ಯಾವುದು ಜಾಸ್ತಿಯೋ ಅದನ್ನೇ ಲೆಕ್ಕಕ್ಕೆ ಹಿಡಿಯುತ್ತದೆ. ಹಳೆ ಓಣಿಗಳಲ್ಲಿ ಅಣ್ಣತಮ್ಮಂದಿರ ಮನೆ ಪಾಲಾದಾಗ ಎರಡೂ ಮನೆಗೆ ಒಂದೇ ನ್ಯೂಟ್ರಲ್ ಉಳಿದಿರುತ್ತದೆ. ಆಗ ಪಕ್ಕದ ಮನೆಯ ಫ್ಯಾನಿಗೆ ನಿಮ್ಮ ಮೀಟರ್ ಓಡುತ್ತದೆ.

ಮೇನ್ ಸ್ವಿಚ್ ಆಫ್ ಮಾಡಿ, ಮೀಟರ್ ಮೇಲಿನ ಕೆಂಪು ದೀಪ ನೋಡಿ. ಆಗಲೂ ಮಿಣುಕುತ್ತಿದ್ದರೆ ಎಲ್ಲೋ ಲೀಕ್ ಇದೆ, ಇಲ್ಲವೇ ನ್ಯೂಟ್ರಲ್ ಕೂಡಿಕೊಂಡಿದೆ. ಮಿಣುಕದಿದ್ದರೆ ಮೇನ್ ಆನ್ ಮಾಡಿ, ಬೇರೆಲ್ಲ ಆಫ್ ಇಟ್ಟು 1000 ವ್ಯಾಟ್‌ನ ಇಸ್ತ್ರಿ ಪೆಟ್ಟಿಗೆ ಒಂದನ್ನೇ ಹಾಕಿ. ಮೀಟರ್ ಮೇಲೆ 3200 ಇಂಪಲ್ಸ್ (ಯೂನಿಟ್‌ಗೆ ಅಷ್ಟು ಸಲ ಮಿಣುಕುತ್ತದೆ) ಅಂತ ಬರೆದಿದ್ದರೆ ನಿಮಿಷಕ್ಕೆ ಸುಮಾರು 53 ಸಲ ಮಿಣುಕಬೇಕು. ಇಸ್ತ್ರಿ ಬಿಸಿಯಾಗಿ ತಾನೇ ಆಫ್ ಆಗುವ ಮೊದಲೇ ಎಣಿಸಿ. ತೀರಾ ಜಾಸ್ತಿ ಬಂದರೆ ಮೀಟರ್ ಪರೀಕ್ಷೆಗೆ ಬರೆದುಕೊಡಿ. ಬಾಕ್ಸ್‌ಗೆ ಮಾತ್ರ ಕೈ ಹಾಕಬೇಡಿ, ಸೀಲ್ ಒಡೆದರೆ ಬೇರೆ ರಗಳೆ.

ಸಿಂಧನೂರಿನಿಂದ:
ಎಂ.ಡಿ. (ಮ್ಯಾಕ್ಸಿಮಮ್ ಡಿಮ್ಯಾಂಡ್) ಅನ್ನೋದನ್ನೂ ಹೊಸ ಮೀಟರ್ ದಾಖಲಿಸುತ್ತದೆ, ಅಂದರೆ ಒಂದೇ ಹೊತ್ತಿಗೆ ಅತಿ ಹೆಚ್ಚು ಎಷ್ಟು ಲೋಡ್ ಎಳೆದಿರಿ ಅಂತ. ನಮ್ಮ ಬೇಸಿಗೆಯಲ್ಲಿ ಎಸಿ, ಗ್ರೈಂಡರ್, ಮೋಟರ್ ಒಟ್ಟಿಗೆ ಓಡಿದರೆ ಸ್ಯಾಂಕ್ಷನ್ ಲೋಡ್, ಅಂದರೆ ನಿಮ್ಮ ಕನೆಕ್ಷನ್‌ಗೆ ಮಂಜೂರಾದ ಲೋಡ್, ದಾಟುತ್ತದೆ. ಆಗ ಲೋಡ್ ಹೆಚ್ಚಿಸಿಕೊಳ್ಳಿ ಅಂತಾರೆ, ನಿಗದಿ ಶುಲ್ಕವೂ ಕಿಲೋವ್ಯಾಟ್ ಲೆಕ್ಕದಲ್ಲಿ ಏರುತ್ತದೆ. ಮನೆ ದರಕ್ಕೆ 2024ರ ಏಪ್ರಿಲ್‌ನಿಂದ ಸ್ಲ್ಯಾಬ್ ಇಲ್ಲ, ಎಲ್ಲ ಯೂನಿಟ್‌ಗೂ ಒಂದೇ ರೇಟು. ಹಾಗಾಗಿ ಬಿಲ್ ಏರಿದರೆ ಯೂನಿಟ್ ಒಂದನ್ನೇ ನೋಡಬೇಡಿ, ಈ ಶುಲ್ಕವನ್ನೂ ನೋಡಿ.

ಮತ್ತೆ ಬಳ್ಳಾರಿಯಿಂದ:
ಒಂದು ಹೇಳೋದು ಬಿಟ್ಟಿದ್ದೆ. ಮನೆ ದರ ಆದ ಮೇಲೆ ಆ ಕೋಣೆಯನ್ನು ಯಾರಿಗಾದರೂ ಅಂಗಡಿಗೆ ಬಾಡಿಗೆ ಕೊಟ್ಟರೆ ಅದಕ್ಕೆ ಬೇರೆ ಮೀಟರ್ ತೆಗೆದುಕೊಳ್ಳಿ. ಮನೆ ಲೈನಿನಿಂದ ಸುಮ್ನೆ ವೈರ್ ಎಳೆದುಕೊಟ್ಟು ತಪಾಸಣೆಯಲ್ಲಿ ಸಿಕ್ಕರೆ, 2003ರ ವಿದ್ಯುತ್ ಕಾಯ್ದೆ ಪ್ರಕಾರ ಆ ಬಳಕೆಗೆ ದರದ ಎರಡು ಪಟ್ಟು ಹಾಕುತ್ತಾರೆ.