ಕಡುಕಪ್ಪು ಮೌಂಟ್ ಬೋರ್ಡಿನ ಮೇಲೆ ಗುರುತು ಬೀಳದಂತೆ ಕೆಲಸ ಮಾಡುವುದು ಹೇಗೆ?

ಕೇಳಿದವರು: ಆರು ಕಪ್ಪು-ಬಿಳುಪು ಫೋಟೊಗಳಿಗೆ ಕಪ್ಪು ಮೌಂಟ್ (ಫೋಟೊದ ಸುತ್ತ ಕೂರುವ, ನಡುವೆ ಕಿಟಕಿ ಕತ್ತರಿಸಿದ ದಪ್ಪ ರಟ್ಟು) ಹಾಕಿ ಫ್ರೇಮ್ ಮಾಡಬೇಕಾಗಿದೆ. ಎರಡನ್ನು ಕತ್ತರಿಸಿದ್ದೇನೆ. ಎರಡರ ಮೇಲೂ ಬೆರಳಚ್ಚುಗಳಿವೆ. ಓರೆಯಾಗಿ ನೋಡಿದರೆ ಹೊಳೆಯುವ ಗೆರೆಗಳೂ ಕಾಣುತ್ತವೆ. ಉಳಿದ ನಾಲ್ಕು ಹಾಳೆಗಳನ್ನು ಕೆಡಿಸಿಕೊಳ್ಳದಿರಲು ಅನುಭವವಿದ್ದವರು ದಯವಿಟ್ಟು ತಿಳಿಸಿ.

ಹಳೇ ಬ್ಲೇಡು: ಎರಡೇ ಹಾಳೆಯಲ್ಲಿ ಪಾರಾಗಿದ್ದೀರಿ, ಪುಣ್ಯವಂತರು. ಒಂದು ಪ್ರದರ್ಶನಕ್ಕೆಂದು ಹನ್ನೆರಡು ಮೌಂಟ್ ಕತ್ತರಿಸಲು ಕುಳಿತ ನಾನು ಹತ್ತೊಂಬತ್ತು ಹಾಳೆ ಮುಗಿಸಿದ್ದೆ. ಮೊದಲ ಮೂರು ಹೋದದ್ದು ಬೆರಳಚ್ಚಿನಿಂದ. ಆಮೇಲೆ ಹತ್ತಿಯ ಕೈಗವಸು ತೊಟ್ಟೆ. ಅಚ್ಚು ನಿಂತಿತು, ಆದರೆ ಗವಸಿನ ಎಳೆಗಳು ಬೆವೆಲ್ಲಿನ, ಅಂದರೆ ಕಿಟಕಿಯ ಓರೆಯಾಗಿ ಕತ್ತರಿಸಿದ ಅಂಚಿನ, ಮೂಲೆಗಳಲ್ಲಿ ಸಿಕ್ಕಿಕೊಂಡವು, ಅವನ್ನು ಚಿಮಟದಿಂದ ಕೀಳಲು ಹೋದಾಗ ಮೇಲಿನ ಕಪ್ಪು ಕಾಗದವೇ ಎದ್ದು ಬಂದು ಇನ್ನೆರಡು ಹಾಳೆ ಕೆಟ್ಟವು. ಕೊನೆಯ ಎರಡರ ಮೇಲೆ ಒಂದೇ ಜಾಗದಲ್ಲಿ ಒಂದೇ ಬಗೆಯ ಗೀರು ಕಂಡಾಗಲೇ ನನಗೆ ಬುದ್ಧಿ ಬಂದದ್ದು: ಬೋರ್ಡನ್ನು ಮುಖ ಕೆಳಗೆ ಮಾಡಿ ಕತ್ತರಿಸುತ್ತೇವಲ್ಲ, ಅಡಿಹಾಳೆಯ ಮೇಲೆ ಹಿಂದಿನ ಕತ್ತರಿಕೆಯ ಸಾಸಿವೆಯಷ್ಟು ಚೂರೊಂದು ಕುಳಿತಿತ್ತು. ಈಗ ಪ್ರತಿ ಬೋರ್ಡಿಗೂ ಮೊದಲು ಅಡಿಹಾಳೆಯನ್ನು ಬ್ರಷ್‌ನಿಂದ ಗುಡಿಸುತ್ತೇನೆ. ಕೈಗೆ ಪುಡಿಯಿಲ್ಲದ, ಬಿಗಿಯಾದ ನೈಟ್ರೈಲ್ ರಬ್ಬರಿನ ಗವಸು ಹಾಕುತ್ತೇನೆ.

ಬರಿಗೈ: ಗವಸು ತೊಟ್ಟವರಿಗೆ ಬ್ಲೇಡು ಎಷ್ಟು ಆಳಕ್ಕೆ ಇಳಿದಿದೆ ಎಂಬುದು ಕೈಗೆ ತಿಳಿಯುವುದಿಲ್ಲ, ಮೂಲೆ ದಾಟಿ ಕತ್ತರಿಸಿ ಆಮೇಲೆ ಕಟ್ಟರನ್ನು ಬೈಯುತ್ತಾರೆ. ನಾನು ಸೋಪಿನಿಂದ ಕೈ ತೊಳೆದು, ಪೂರ್ತಿ ಒಣಗಿಸಿ, ಅಂಚುಗಳನ್ನಷ್ಟೇ ಹಿಡಿಯುತ್ತೇನೆ, ಅಂಗೈ ಊರಬೇಕಾದಲ್ಲಿ ಸ್ವಚ್ಛ ಕಾಗದ ಹಾಸಿಕೊಳ್ಳುತ್ತೇನೆ. ನನಗೆ ಪೆಟ್ಟು ಕೊಟ್ಟದ್ದು ಬೆರಳಲ್ಲ, ಮೂಳೆಯ ಫೋಲ್ಡರ್, ಅಂದರೆ ಕಾಗದದ ಮಡಿಕೆ ಒತ್ತುವ ಚಪ್ಪಟೆ ಉಪಕರಣ. ಮೂಲೆಯಲ್ಲಿ ಕೂದಲೆಳೆಯಷ್ಟು ದಾಟಿದ್ದ ಗೆರೆಯನ್ನು ಮುಚ್ಚಲೆಂದು ಅದನ್ನು ನೇರವಾಗಿ ಬೋರ್ಡಿಗೆ ಉಜ್ಜಿದೆ. ಗೆರೆ ಮುಚ್ಚಿತು, ಅದರ ಜಾಗದಲ್ಲಿ ಉಗುರಗಲದ ಹೊಳಪು ಎದ್ದಿತು, ಮತ್ತೆ ಹೋಗಲಿಲ್ಲ. ನಡುವೆ ತೆಳು ಕಾಗದ ಇಟ್ಟು ಮೆಲ್ಲಗೆ ಒತ್ತಿದ್ದರೆ ಆ ಹಾಳೆ ಉಳಿಯುತ್ತಿತ್ತು.

ಹಳೇ ಬ್ಲೇಡು: ಮೂಲೆ ದಾಟುವುದಕ್ಕೂ ಗವಸಿಗೂ ಸಂಬಂಧವಿಲ್ಲ, ಸ್ವಾಮಿ. ಮೂಲೆ ದಾಟಿದವರು ಬರಿಗೈಯವರಾದ ನೀವೇ ಎಂದು ಈಗಷ್ಟೇ ಒಪ್ಪಿಕೊಂಡಿದ್ದೀರಿ.

ಮೆತ್ತನೆ ರಬ್ಬರ್: ಇಬ್ಬರೂ ಸ್ವಲ್ಪ ತಾಳಿ. ಬಿಳಿ ಬೋರ್ಡಿನಲ್ಲೂ ಉಜ್ಜಿದ ಕಡೆ ನಾರು ಚಪ್ಪಟೆಯಾಗುತ್ತದೆ, ಆದರೆ ಅಲ್ಲಿ ಕಣ್ಣಿಗೆ ಬೀಳುವುದಿಲ್ಲ. ಕಪ್ಪಿನಲ್ಲಿ ಅದೇ ಕಲೆಯಾಗುತ್ತದೆ. ಆದ್ದರಿಂದ ಎಣ್ಣೆಯಚ್ಚನ್ನು ಗಟ್ಟಿ ರಬ್ಬರಿನಿಂದ ಉಜ್ಜುವುದೆಂದರೆ ಒಂದು ಕಲೆ ಕೊಟ್ಟು ಇನ್ನೊಂದನ್ನು ಕೊಂಡಂತೆ. ನಾದಿದ ಹಿಟ್ಟಿನಂತಿರುವ ಮೆತ್ತನೆಯ ರಬ್ಬರನ್ನು ಒತ್ತಿ ಎತ್ತಬೇಕು, ಎಳೆಯಬಾರದು. ಹಸಿ ಬಟ್ಟೆಯನ್ನಂತೂ ಮುಟ್ಟಿಸಲೇಬೇಡಿ, ನನ್ನ ಅತಿ ದೊಡ್ಡ ಮೌಂಟ್ ಹೋದದ್ದು ಹಾಗೆಯೇ: ನೀರು ಆರಿದ ಮೇಲೂ ಅದರ ಅಂಚು ಭೂಪಟದ ಗಡಿಯಂತೆ ಉಳಿದುಕೊಂಡಿತು.

ಬರಿಗೈ: ಒತ್ತಿದರೂ ಹೊಳಪು ಬರುತ್ತದೆ. ನಾನು ಮಾಡಿ ನೋಡಿದ್ದೇನೆ.

ಮೆತ್ತನೆ ರಬ್ಬರ್: ನೀವು ಒತ್ತಿದ್ದು ಹೆಬ್ಬೆರಳಿನ ಪೂರ್ತಿ ಬಲ ಹಾಕಿ ಇರಬೇಕು.

ಧೂಳಿನ ಶತ್ರು: ಬೆರಳಚ್ಚಿನ ಜಗಳದಲ್ಲಿ ಧೂಳನ್ನು ಎಲ್ಲರೂ ಮರೆತಿದ್ದೀರಿ. ಬಿಳಿ ತಿರುಳಿನ ಬೋರ್ಡನ್ನು ಕತ್ತರಿಸಿದಾಗ ಉದುರುವ ಪುಡಿ ಕಪ್ಪಿನ ಮೇಲೆ ನಕ್ಷತ್ರದಂತೆ ಕಾಣುತ್ತದೆ, ಗಾಜಿನ ಬದಲು ಅಕ್ರಿಲಿಕ್ ಹಾಕಿದರೆ ಅದರ ಸ್ಥಾಯೀ ವಿದ್ಯುತ್ತು ಆ ಪುಡಿಯನ್ನೇ ಎಳೆದುಕೊಳ್ಳುತ್ತದೆ. ಒಂದೇ ಫ್ರೇಮನ್ನು ಐದು ಸಲ ಬಿಚ್ಚಿದ್ದೇನೆ. ಧೂಳು ಊದುವ ಡಬ್ಬಿಯ ಗಾಳಿಯನ್ನು ಓರೆಯಾಗಿ ಹಿಡಿದು ಬಿಟ್ಟ ನಾಲ್ಕನೆಯ ಸಲ ಅದು ದ್ರವವನ್ನೇ ಉಗುಳಿತು. ಕೈಯಿಂದ ಒತ್ತುವ ರಬ್ಬರ್ ಬ್ಲೋವರ್ ಸಾಕು.

ಹಳೇ ಬ್ಲೇಡು: ಡಬ್ಬಿಯನ್ನು ನೆಟ್ಟಗೆ ಹಿಡಿದಿದ್ದರೆ ಉಗುಳುತ್ತಿರಲಿಲ್ಲ.

ಧೂಳಿನ ಶತ್ರು: ಹತ್ತೊಂಬತ್ತು ಹಾಳೆ ಮುಗಿಸಿದವರಿಂದ ಪಾಠ ಹೇಳಿಸಿಕೊಳ್ಳಬೇಕಾಗಿ ಬಂತು.

ಮೆತ್ತನೆ ರಬ್ಬರ್: ಕೇಳಿದವರನ್ನು ಒಂದು ಮಾತು ಕೇಳುತ್ತೇನೆ. ಆ ಹೊಳೆಯುವ ಗೆರೆಗಳು ಎರಡೂ ಹಾಳೆಗಳಲ್ಲಿ ಒಂದೇ ದಿಕ್ಕಿಗಿವೆಯೇ? ಕತ್ತರಿಸಿದ ಮೇಲೆ ಅವನ್ನು ಹೇಗೆ ಇಟ್ಟಿದ್ದಿರಿ?

ಕೇಳಿದವರು: ಒಂದೇ ದಿಕ್ಕಿಗಿವೆ. ಮುಖಕ್ಕೆ ಮುಖ ಸೇರಿಸಿ ಇಟ್ಟಿದ್ದೆ, ತೆಗೆಯುವಾಗ ಒಂದನ್ನು ಇನ್ನೊಂದರ ಮೇಲಿಂದ ಜಾರಿಸಿದ್ದೆ.

ಮೆತ್ತನೆ ರಬ್ಬರ್: ಗೆರೆ ಬಿದ್ದದ್ದು ಅಲ್ಲಿಯೇ. ನಡುವೆ ನುಣುಪಾದ ಕಾಗದ ಹಾಕಿ, ಎಳೆಯದೆ ಮೇಲಕ್ಕೆತ್ತಿ.

ಹಳೇ ಬ್ಲೇಡು: ಎತ್ತುವಾಗ ಗವಸು ಹಾಕಿಕೊಳ್ಳಿ.

ಬರಿಗೈ: ಬೇಡ.