ಬ್ರಾಯ್ಲರ್ ಮರಿಗಳಿಗೆ ಫೀಡ್‌ನ ಕೊಬ್ಬು ಜೀರ್ಣವಾಗುತ್ತಿಲ್ಲ, ಯಾವ ಎಂಜೈಮ್ ಹಾಕಬೇಕು? ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ಫೀಡ್ ಫಾರ್ಮುಲಾ ಗೊತ್ತಿರುವವರು ಸ್ವಲ್ಪ ದಾರಿ ತೋರಿಸಿ. ನಮ್ಮ ಸ್ಟಾರ್ಟರ್ ಫೀಡ್‌ನಲ್ಲಿ (ಎಳೆ ಮರಿಗಳಿಗೆ ಮೊದಲು ಕೊಡುವ ಫೀಡ್) ಗೋಧಿ ಜಾಸ್ತಿ, ಎನರ್ಜಿಗೆ ಅಂತ ದನದ ಕೊಬ್ಬು ಸೇರಿಸುತ್ತೇವೆ. ಮರಿಗಳ ಹಿಕ್ಕೆ ಅಂಟಂಟು, ಹಿಂಭಾಗದ ಪುಕ್ಕಕ್ಕೆ ಮೆತ್ತಿಕೊಂಡು ಒಣಗುತ್ತದೆ, ಲಿಟರ್ (ನೆಲದ ಹಾಸು) ಒದ್ದೆ. ಕಾಯಿಲೆ ಏನೂ ಇಲ್ಲ ಅಂತ ಡಾಕ್ಟರ್ ನೋಡಿ ಹೇಳಿದ್ದಾರೆ.

ನನಗೆ ಅರ್ಥವಾಗಿರುವುದು ಇಷ್ಟು. ಎಳೆ ಮರಿಗಳಲ್ಲಿ ಕೊಬ್ಬನ್ನು ಸಣ್ಣ ಹನಿಗಳಾಗಿ ಒಡೆಯುವ ಪಿತ್ತರಸವೂ ಕಡಿಮೆ, ಅದನ್ನು ಅರಗಿಸುವ ಎಂಜೈಮ್ ಲೈಪೇಸೂ ಕಡಿಮೆ, ಹಾಗಾಗಿ ಮೊದಲ ಒಂದೆರಡು ವಾರ ಗಟ್ಟಿ ಕೊಬ್ಬು ಸರಿಯಾಗಿ ಅರಗುವುದಿಲ್ಲ, ಸೋಯಾ ಎಣ್ಣೆಯಾದರೆ ವಾಸಿ. ಅದರ ಮೇಲೆ ಗೋಧಿಯ ಅರಾಬಿನೋಕ್ಸೈಲಾನ್ ಅನ್ನುವ ನಾರು ಕರುಳಿನಲ್ಲಿರುವುದನ್ನೆಲ್ಲ ಗಂಜಿ ಥರ ಮಂದ ಮಾಡಿಬಿಡುತ್ತದೆ, ಆಗ ಇರುವ ಅಷ್ಟಿಷ್ಟು ಲೈಪೇಸೂ ಕೊಬ್ಬಿನ ಹತ್ತಿರ ಸುಲಭವಾಗಿ ಹೋಗುವುದಿಲ್ಲ. ಒಂದು ಗ್ರಾಂ ಕೊಬ್ಬಿಗೆ ಸುಮಾರು 9 ಕಿಲೋಕ್ಯಾಲೊರಿ ಅಂತ ಕಾಗದದ ಮೇಲೆ ಬರೆದು ಏನು ಬಂತು, ಅದು ಹಿಕ್ಕೆಯಲ್ಲೇ ಹೋದರೆ!

ಹಾಗಾದರೆ ಮೊದಲು ಆ ನಾರನ್ನು ಒಡೆಯುವ ಎಂಜೈಮ್ ಕ್ಸೈಲನೇಸ್ ಹಾಕಿ ನೋಡುವುದಾ, ಇಲ್ಲ ಕೊಬ್ಬನ್ನೇ ಬದಲಿಸುವುದಾ? ಎರಡನ್ನೂ ಒಟ್ಟಿಗೆ ಮಾಡಿದರೆ ಯಾವುದರಿಂದ ಸರಿಹೋಯಿತು ಅಂತ ಗೊತ್ತಾಗುವುದಿಲ್ಲ ಅಲ್ವಾ. ಲೈಪೇಸ್ ಪುಡಿ ಹಾಕಿ ಅಂತಲೂ ಕೆಲವರು ಹೇಳುತ್ತಾರೆ. ಪಿತ್ತರಸವೇ ಸಾಲದಿದ್ದಾಗ ಸುಮ್ನೆ ಲೈಪೇಸ್ ಸುರಿದರೆ ಏನು ಪ್ರಯೋಜನ, ಅದಕ್ಕಿಂತ ಲೈಸೋಲೆಸಿಥಿನ್‌ನಂಥ ಎಮಲ್ಸಿಫೈಯರ್ (ಪಿತ್ತರಸದ ಹಾಗೆ ಕೊಬ್ಬನ್ನು ನೀರಿನಲ್ಲಿ ಬೆರೆಸುವ ವಸ್ತು) ಮೇಲು ಅಂತ ನನಗನಿಸುತ್ತದೆ. ಬಳಸಿದವರು ಇದ್ದೀರಾ?

ಇನ್ನೊಂದು ವಿಷಯ, ನಮ್ಮ ಪೆಲೆಟ್ ಕಂಡೀಷನಿಂಗ್ (ಫೀಡನ್ನು ಗುಳಿಗೆ ಮಾಡುವ ಮುಂಚೆ ಹಬೆಯಲ್ಲಿ ಬಿಸಿ ಮಾಡುವುದು) 85 ಡಿಗ್ರಿ ಸೆಲ್ಸಿಯಸ್. ಆ ಬಿಸಿಗೆ ಮಾಮೂಲಿ ಎಂಜೈಮ್ ಹಾಳಾಗುವ ಭಯ. ಕೋಟಿಂಗ್ ಇರುವುದನ್ನು ತಗೊಳ್ಳಬೇಕಾ, ಪೆಲೆಟ್ ಆದಮೇಲೆ ದ್ರವ ರೂಪದ್ದನ್ನು ಸ್ಪ್ರೇ ಮಾಡಬೇಕಾ? ಎಂಜೈಮ್ ಹಾಕಿದ್ದೇವೆ ಅಂತ ಫಾರ್ಮುಲಾದಲ್ಲಿ ಕೊಬ್ಬು ಕಡಿಮೆ ಮಾಡಿದವರು ಮರಿಗಳ ತೂಕ ಹೇಗೆ ಬಂತು ಅಂತ ದಯವಿಟ್ಟು ತಿಳಿಸಿ.