ಪದಚರ್ಚೆ: ‘ಡೈನಮೋ ಸೌಂಡ್’ ಎಂದರೆ ಯಾವ ಸದ್ದು?

ಪ್ರಶ್ನೆ: ಕಾಫಿ ತೋಟಗಳ ಚಾಲಕರಿಗಾಗಿ ಗಾಡಿಯ ದೂರುಪಟ್ಟಿಯೊಂದನ್ನು ಕನ್ನಡದಲ್ಲಿ ಸಿದ್ಧಪಡಿಸಬೇಕಿದೆ. ಗೋಣಿಕೊಪ್ಪ, ವಿರಾಜಪೇಟೆ ಕಡೆ ಏನೇ ಸದ್ದು ಬಂದರೂ ‘ಡೈನಮೋ ಸೌಂಡ್’ ಎಂದಷ್ಟೇ ಬರೆಸುತ್ತಾರೆ. ಕೀಚಲು, ಗೊರಗೊರ, ಗುಂಯ್, ಕಟಕಟ ಇವುಗಳಲ್ಲಿ ಯಾವ ಪದ ಯಾವ ದೋಷಕ್ಕೆ ಸರಿ? ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರನ್ನು ಡೈನಮೋ ಎನ್ನುವುದು ತಪ್ಪೇ?

ಉತ್ತರ: ಕೊನೆಯದನ್ನು ಮೊದಲು ಮುಗಿಸೋಣ. ಡೈನಮೋದಿಂದ ಕಮ್ಯುಟೇಟರ್ ಮೂಲಕ ನೇರವಾಗಿ ಡಿಸಿ (ಒಂದೇ ದಿಕ್ಕಿನ ಕರೆಂಟ್) ಹೊರಬರುತ್ತದೆ. ಆಲ್ಟರ್ನೇಟರ್ ಹುಟ್ಟಿಸುವುದು ಎಸಿ (ದಿಕ್ಕು ಬದಲಿಸುತ್ತಿರುವ ಕರೆಂಟ್). ಒಳಗಿನ ಡಯೋಡ್‌ಗಳು ಅದನ್ನು ಡಿಸಿ ಮಾಡುತ್ತವೆ. ಯಂತ್ರ ಬದಲಾದರೂ ಹಳೆಯ ಹೆಸರು ಬಾಯಲ್ಲಿ ಉಳಿದಿದೆ, ಮಾತಿನಲ್ಲಿ ಇರಲಿ. ಪಟ್ಟಿಯಲ್ಲಿ ಆಲ್ಟರ್ನೇಟರ್ ಎಂದೇ ಬರೆಯಿರಿ. ‘ಪರ್ಯಾಯ ವಿದ್ಯುಜ್ಜನಕ’ ಪಠ್ಯಪುಸ್ತಕಕ್ಕೆ ಸರಿ, ಗ್ಯಾರೇಜಿಗೆ ಬೇಡ.

ಸದ್ದಿನ ಪದಗಳನ್ನು ಮಾತ್ರ ಬಿಡಲೇಬೇಡಿ. ಚಾಲಕ ಸರಿಯಾದ ಪದ ಬರೆಸಿದರೆ ಅರ್ಧ ಪತ್ತೆಯಾದಂತೆ.

ಕೀಚಲು ಬೆಲ್ಟಿನದು. ಬೆಳಿಗ್ಗೆ ಸ್ಟಾರ್ಟ್ ಮಾಡಿದೊಡನೆ ಅಥವಾ ಹೆಡ್‌ಲೈಟ್ ಹಾಕಿದ ಕೂಡಲೇ ಕೇಳಿ, ತುಸು ಹೊತ್ತಿಗೆ ನಿಲ್ಲುತ್ತದೆ. ಕಕ್ಕಡದ (ಜುಲೈ-ಆಗಸ್ಟ್ ಹೊತ್ತಿನ ಕೊಡವ ತಿಂಗಳ) ಮಳೆಯಲ್ಲಿ ಬೆಲ್ಟ್ ನೆನೆದಾಗ ಇದು ಜಾಸ್ತಿ. ಎಂಜಿನ್ ಐಡಲ್‌ನಲ್ಲಿರುವಾಗ, ಕೈ ದೂರವಿಟ್ಟು, ಬೆಲ್ಟಿನ ಗೆರೆಗಳಿರುವ ಮೈಗೆ ಸ್ವಲ್ಪ ನೀರು ಚಿಮುಕಿಸಿ. ಸದ್ದು ಹೆಚ್ಚಿದರೆ ಬೆಲ್ಟ್ ಸಡಿಲವಾಗಿ ಜಾರುತ್ತಿದೆ. ಒಂದು ಕ್ಷಣ ನಿಂತು ಮತ್ತೆ ‘ಕಿಚ್ ಕಿಚ್’ ಶುರುವಾದರೆ ಪುಲ್ಲಿಗಳು ಒಂದೇ ಸಾಲಿನಲ್ಲಿಲ್ಲ. ಸೋಪು, ಗ್ರೀಸ್ ಸವರುವ ಅಭ್ಯಾಸ ಕೆಟ್ಟದ್ದು. ರಬ್ಬರೂ ಹಾಳು, ಜಾರುವುದೂ ಹೆಚ್ಚು.

ಗೊರಗೊರ ಬೇರಿಂಗಿನದು. ಆದರೆ ಸಂಪಾಜೆ ಘಾಟಿ ಇಳಿಯುವಾಗ ಕೇಳುವ ಗೊರಗೊರ ಚಕ್ರದ ಬೇರಿಂಗಿನದೂ ಇರಬಹುದು. ಗಾಡಿ ನಿಲ್ಲಿಸಿ, ನ್ಯೂಟ್ರಲ್‌ನಲ್ಲಿ ಆಕ್ಸಿಲರೇಟರ್ ಒತ್ತಿದಾಗಲೂ ಸದ್ದು ಏರಿದರೆ ಅದು ಎಂಜಿನ್ ಕಡೆಯದು. ಆಮೇಲೆ ಎಂಜಿನ್ ಆಫ್ ಮಾಡಿ ಬೆಲ್ಟ್ ಕಳಚಿ, ಅರ್ಧ ನಿಮಿಷ ಮಾತ್ರ ಓಡಿಸಿ. ವಾಟರ್ ಪಂಪ್ ಅದೇ ಬೆಲ್ಟಿನಲ್ಲಿದ್ದರೆ ಹೆಚ್ಚು ಹೊತ್ತು ಓಡಿಸಿದರೆ ಎಂಜಿನ್ ಕಾಯುತ್ತದೆ. ಸದ್ದು ಹೋಯಿತೇ? ಆಲ್ಟರ್ನೇಟರ್, ಟೆನ್ಷನರ್ (ಬೆಲ್ಟ್ ಬಿಗಿ ಹಿಡಿಯುವ ಪುಲ್ಲಿ), ವಾಟರ್ ಪಂಪ್ ಮುಂತಾಗಿ ಆ ಬೆಲ್ಟ್ ತಿರುಗಿಸುವ ಭಾಗಗಳಲ್ಲೇ ಇದೆ. ಎಂಜಿನ್ ನಿಲ್ಲಿಸಿ ಒಂದೊಂದೇ ಪುಲ್ಲಿಯನ್ನು ಕೈಯಲ್ಲಿ ತಿರುಗಿಸಿ, ಅಲುಗಿಸಿ ನೋಡಿ. ಮರಳು ಸಿಕ್ಕಂತೆ ಒರಟಾಗಿ ತಿರುಗುವುದು, ಸಡಿಲವಾಗಿ ಅಲುಗುವುದು ಯಾವುದೋ ಅದೇ ಕಳ್ಳ.

ಗುಂಯ್ ಎನ್ನುವುದು ಆಲ್ಟರ್ನೇಟರ್ ಒಳಗಿನ ಡಯೋಡ್ ಅಥವಾ ಸ್ಟೇಟರ್ (ತಿರುಗದ ಭಾಗ) ವೈಂಡಿಂಗ್‌ನದು. ಬ್ಲೋವರ್, ಲೈಟ್ ಹಾಕಿದಾಗ ಏರಿ, ಆಫ್ ಮಾಡಿದಾಗ ತಗ್ಗುತ್ತದೆ; ಬೇರಿಂಗಿನ ಗೊರಗೊರ ಹೀಗೆ ಮಾಡುವುದು ಕಡಿಮೆ. ಬ್ಯಾಟರಿ ಟರ್ಮಿನಲ್‌ಗೆ ಮಲ್ಟಿಮೀಟರ್ ಹಿಡಿಯಿರಿ: ಎಂಜಿನ್ ಓಡುವಾಗ ಸಾಮಾನ್ಯವಾಗಿ 13.8ರಿಂದ 14.5 ವೋಲ್ಟ್ ಡಿಸಿ ಇರಬೇಕು. ಮೀಟರನ್ನು ಎಸಿಗೆ ತಿರುಗಿಸಿದಾಗ ಅರ್ಧ ವೋಲ್ಟ್ ಮೀರಿದರೆ ಡಯೋಡ್ ಹೋಗಿದೆ ಎಂದೇ ತಿಳಿಯಬಹುದು. ‘ಚಾರ್ಜ್ ಬರುತ್ತಾ ನೋಡೋಣ’ ಎಂದು ಓಡುತ್ತಿರುವ ಎಂಜಿನ್ನಿನ ಬ್ಯಾಟರಿ ಕೇಬಲ್ ಕೀಳುವವರಿದ್ದಾರೆ. ವೋಲ್ಟೇಜ್ ಚಿಮ್ಮಿ ಚೆನ್ನಾಗಿದ್ದ ಡಯೋಡ್, ಇಸಿಯು (ಎಂಜಿನ್ನಿನ ಕಂಪ್ಯೂಟರ್) ಎರಡೂ ಸುಡಬಹುದು.

ಕಟಕಟಕ್ಕೆ ಬೋಲ್ಟ್ ಸಡಿಲ, ಬ್ರಾಕೆಟ್ ಬಿರುಕು ನೋಡಿ. ಒಂದೇ ಕಡೆಗೆ ಹಿಡಿಯುವ ಕ್ಲಚ್ ಪುಲ್ಲಿ ಇರುವ ಗಾಡಿಯಲ್ಲಿ, ಎಂಜಿನ್ ಆಫ್ ಮಾಡುವಾಗ ಕಟಕಟ ಬಂದರೆ ಆ ಪುಲ್ಲಿಯ ಮೇಲೇ ಅನುಮಾನ.

ಇನ್ನೊಬ್ಬರ ಸೇರ್ಪಡೆ: ಗೊರಗೊರದ ಬಗ್ಗೆ ಒಂದು ತಿದ್ದುಪಡಿ. ಬೇರಿಂಗಿನ ಗ್ರೀಸ್ ಒಣಗತೊಡಗಿದಾಗ ಮೊದಲು ಸಣ್ಣಗೆ ‘ಕೀಂ’ ಎನ್ನುತ್ತದೆ, ಗೊರಗೊರ ಆಮೇಲಿನ ಹಂತ. ಆದ್ದರಿಂದ ಪಟ್ಟಿಯಲ್ಲಿ ‘ಬಂದು ನಿಲ್ಲುವ ಕೀಚಲು’, ‘ನಿಲ್ಲದ ಕೀಂ’ ಎಂದು ಬೇರೆ ಬೇರೆ ಸಾಲು ಇರಲಿ.

ಹಾಗೆಯೇ ‘ಡೈನಮೋ ಬದಲಿಸಬೇಕು’ ಮತ್ತು ‘ಬೇರಿಂಗ್ ಹಾಕಬೇಕು’ ಒಂದೇ ಅಲ್ಲ. ಚಾರ್ಜ್ ಸರಿಯಿದ್ದು ಗೊರಗೊರ ಮಾತ್ರ ಇದ್ದರೆ ಬೇರಿಂಗ್ ಸಾಕು. ಹಳೆಯದರ ಅಂಚಿನ ನಂಬರ್ ನೋಡಿಯೇ ತನ್ನಿ: 6203, 6303 ಎರಡಕ್ಕೂ ಒಳತೂತು 17 ಮಿ.ಮೀ., ಹೊರವ್ಯಾಸ ಕ್ರಮವಾಗಿ 40 ಮತ್ತು 47. ತೋಟದ ಕೆಸರಿನಲ್ಲಿ ಓಡುವ ಗಾಡಿಗೆ ಎರಡೂ ಬದಿ ರಬ್ಬರ್ ಸೀಲ್ ಇರುವ 2ಆರ್‌ಎಸ್ ಒಳ್ಳೆಯದು. ಪುಲ್ಲರ್ ಹಾಕಿ ಕೀಳಿ. ಸುತ್ತಿಗೆಯಲ್ಲಿ ಹೊಡೆದು ಕೂರಿಸಿದ ಬೇರಿಂಗ್ ಬೇಗ ಮತ್ತೆ ಗೊರಗುಟ್ಟುತ್ತದೆ.

ಇಡೀ ಆಲ್ಟರ್ನೇಟರ್ ಬದಲಿಸುವುದಾದರೆ ಬ್ಯಾಟರಿಯ ನೆಗೆಟಿವ್ ಮೊದಲು ಬಿಚ್ಚಿ, ಕೊನೆಗೆ ಹಾಕಿ. ಆಲ್ಟರ್ನೇಟರ್ ಹಿಂಬದಿಯಿಂದ ಬ್ಯಾಟರಿಗೆ ಹೋಗುವ ದಪ್ಪ ಬಿ ಪ್ಲಸ್ ವೈರಿನಲ್ಲಿ ಕೀ ತೆಗೆದರೂ ಕರೆಂಟ್ ಇರುತ್ತದೆ. ಸ್ಪ್ಯಾನರ್ ಬಾಡಿಗೆ ತಾಗಿದರೆ ಕಿಡಿ. ಬೆಲ್ಟ್ ಸುತ್ತಿದ ದಾರಿಯ ಫೋಟೋ ತೆಗೆದಿಟ್ಟುಕೊಂಡು ಟೆನ್ಷನರ್ ಸಡಿಲಿಸಿ, ಕನೆಕ್ಟರ್, ಬಿ ಪ್ಲಸ್ ನಟ್, ಬೋಲ್ಟ್‌ಗಳನ್ನು ಬಿಚ್ಚಿ. ಹೊಸದನ್ನು ಹಳೆಯದರ ಪಕ್ಕ ಇಟ್ಟು ಪುಲ್ಲಿಯ ಗೆರೆ, ಬೋಲ್ಟ್ ಕಿವಿಗಳು, ಆಂಪಿಯರ್ ಹೋಲಿಸಿ. ಕೈಯಿಂದ ಬಿಗಿ ಮಾಡುವ ಬೆಲ್ಟಾದರೆ ಉದ್ದದ ಭಾಗದ ನಡುವೆ ಹೆಬ್ಬೆರಳು ಒತ್ತಿದಾಗ ಸುಮಾರು 10 ಮಿ.ಮೀ. ತಗ್ಗಬೇಕು, ಅತಿ ಬಿಗಿಯಾದರೆ ಹೊಸ ಬೇರಿಂಗೇ ಸವೆಯುತ್ತದೆ. ಬಿ ಪ್ಲಸ್ ನಟ್ ಸಡಿಲ ಉಳಿದರೆ ಅಲ್ಲಿ ಕಾದು ಇನ್ಸುಲೇಷನ್ ಕರಗುತ್ತದೆ. ಬ್ಯಾಟರಿ ಪೂರ್ತಿ ಇಳಿದಿದ್ದರೆ ಚಾರ್ಜರ್‌ನಲ್ಲಿ ತುಂಬಿಸಿ ಹಾಕಿ, ಹೊಸ ಆಲ್ಟರ್ನೇಟರ್ ಮೇಲೆ ಆ ಭಾರ ಹೊರಿಸಬೇಡಿ.